ಮೊದಲು ಅಕ್ಷರ, ಅನಂತರ ಅಂಕಿ

ತುಮಕೂರು ನಗರದ ಸ್ಥಿರ ದೂರವಾಣಿಗೆ ಹೊರಊರಿನಿಂದ ಕರೆ ಮಾಡುವವರು ಮೊದಲು ಒತ್ತಬೇಕಾದ ಸಂಕೇತ 0816. ಗುಬ್ಬಿಗೆ ಆದರೆ 08131, ಕುಣಿಗಲಿಗೆ ಆದರೆ 08132. ಇವು ಸಂಖ್ಯೆಗಳೇ ಎಂದು ಯಾರಾದರೂ ಪ್ರಶ್ನಿಸಿದರೆ, ಅಂಕಿಗಳಲ್ಲಿ ಬರೆದಿರುವಾಗ ಸಂಖ್ಯೆಗಳಲ್ಲದೆ ಮತ್ತೇನು ಎಂದು ವಿದ್ಯಾರ್ಥಿಗಳು ಥಟ್ಟನೆ ಉತ್ತರ ಕೊಟ್ಟಾರು. ಆದರೆ ತುಸು ನಿಧಾನಿಸಿ ವಿಚಾರ ಮಾಡಿರಿ. ಗುಬ್ಬಿಯ ಸಂಕೇತಕ್ಕೆ ಕುಣಿಗಲಿನ ಸಂಕೇತವನ್ನು ಕೂಡಿಸಿದರೆ ಬರುವ ಮೊತ್ತಕ್ಕೆ ಅರ್ಥವುಂಟೆ? ಕುಣಿಗಲಿನದು ಗುಬ್ಬಿಯದಕ್ಕಿಂತ ಒಂದು ಹೆಚ್ಚಾಗಿರುವುದರಿಂದ ಕುಣಿಗಲಿನಲ್ಲಿ ಯಾವುದಾದರೂ ಒಂದು ವಸ್ತು ಗುಬ್ಬಿಯಲ್ಲಿರುವುದಕ್ಕಿಂತ ಹೆಚ್ಚಾಗಿದೆಯೆ? ಇಲ್ಲ. ಇವು ಯಾವುದರ ಅಳತೆಯೂ ಅಲ್ಲ. ಇವು ಅಂಕಿಗಳನ್ನು ಅಕ್ಷರಗಳಂತೆ ಜೋಡಿಸಿ ಕಟ್ಟಿದ ಹೆಸರುಗಳು. ಹೆಸರಿನ ಮೊದಲ ಅಕ್ಷರವನ್ನು ಕಿತ್ತುಹಾಕಿದರೆ ಅದು ಬೇರೆಯ ಹೆಸರಾಗಿಬಿಡುತ್ತದೆ. ಹಾಗೆಯೇ ಮೊದಲ ಸೊನ್ನೆಯನ್ನು ಬಿಟ್ಟು 816 ಎಂದಷ್ಟೇ ಒತ್ತಿದವನ ಕರೆ ತುಮಕೂರನ್ನು ಮುಟ್ಟಲಾರದು.

ಅಂಕಗಣಿತದಲ್ಲಿ ಎಡಗಡೆಯ ಸೊನ್ನೆಗೆ ಬೆಲೆಯಿಲ್ಲವೆಂದು ನಾವು ಎಳೆಯ ಮಕ್ಕಳಿಗೆ ಹೇಳಿಕೊಡುತ್ತೇವೆ. ಅದು ಅಳತೆಗಳ ಮಟ್ಟಿಗೆ ಸರಿಯಾದ ಪಾಠ. ಹೆಸರುಗಳ ಮಟ್ಟಿಗೆ ಅದು ತಪ್ಪು ಪಾಠ. ಈ ಎರಡನ್ನೂ ಬೇರೆಬೇರೆಯಾಗಿ ಕಾಣುವ ವಿವೇಕ ಮನುಷ್ಯನಿಗೆ ಸಹಜವಾಗಿ ಬಂದಿದೆ. ಗಣಕಯಂತ್ರಕ್ಕೆ ಅದು ತಾನಾಗಿ ಬರುವುದಿಲ್ಲ. ಪ್ರೋಗ್ರಾಮನ್ನು ಬರೆಯುವವನು ಅದನ್ನು ಯಂತ್ರಕ್ಕೆ ಹೇಳಿಕೊಡಬೇಕು. ಪ್ರಕೃತ ಲೇಖನದಲ್ಲಿ ನಾವು ಪ್ರತಿಪಾದಿಸಬೇಕೆಂದಿರುವುದು ಒಂದೇ ಮಾತು: ಹೊರಗಿನಿಂದ ಗಣಕಕ್ಕೆ ಬಂದ ಯಾವುದೇ ಬೆಲೆಯನ್ನು ಮೊದಲು ಬರೆದಿರುವಂತೆಯೇ ಅಕ್ಷರರೂಪದಲ್ಲಿ ತೆಗೆದುಕೊಳ್ಳಬೇಕು, ಅದು ಅಳತೆಯೋ, ಹೆಸರೋ, ದಿನಾಂಕವೋ ಎಂಬುದನ್ನು ಅನಂತರ, ತಿಳಿದು, ನಿರ್ಧರಿಸಬೇಕು. ನಮ್ಮ ಕಾಲೇಜುಗಳಲ್ಲಿ ಗಣಕವಿಜ್ಞಾನವನ್ನು ಕಲಿಯುತ್ತಿರುವ ಯುವಕ ಯುವತಿಯರು ಈ ಅಭ್ಯಾಸವನ್ನು ಮೊದಲ ವರ್ಷದಲ್ಲಿಯೇ ರೂಢಿಸಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.

ಇದು ಕೇವಲ ಶಾಸ್ತ್ರಚರ್ಚೆಯೆಂದು ಭಾವಿಸಬಾರದು. ಗುಬ್ಬಿ ಅಥವಾ ಕುಣಿಗಲು ತಾಲ್ಲೂಕಿನ ಒಬ್ಬ ರೈತರ ಪಹಣಿಯನ್ನು ಕಣ್ಣಮುಂದೆ ತಂದುಕೊಳ್ಳಿರಿ. ಅದರಲ್ಲಿ ಜಮೀನಿನ ವಿಸ್ತೀರ್ಣವನ್ನು ಎಕರೆ, ಗುಂಟೆ, ಆಣೆಗಳಲ್ಲಿ ಕೊಟ್ಟಿರುತ್ತದೆ. ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆಗೆ 16 ಆಣೆ. ಒಂದು ಎಕರೆ ಇಪ್ಪತ್ತು ಗುಂಟೆಯನ್ನು 1.20 ಎಂದು ಬರೆಯುವುದು ವಾಡಿಕೆ. ಇಲ್ಲಿರುವ ಚುಕ್ಕೆ ದಶಮಾಂಶದ ಚುಕ್ಕೆಯಲ್ಲ. ಅದು ಎಕರೆಯನ್ನೂ ಗುಂಟೆಯನ್ನೂ ಬೇರ್ಪಡಿಸುವ ಗೆರೆ. ಈ ಬರಹವನ್ನು ಗಣಕವು ಸಂಖ್ಯೆಯೆಂದು ತಿಳಿದು ಒಳಗೆ ತೆಗೆದುಕೊಂಡಿತೆನ್ನಿ. ಹೊರಗೆ ಬರೆಯುವಾಗ ಅದು 1.2 ಎಂದು ಬರೆಯುತ್ತದೆ. ಏಕೆಂದರೆ ಗಣಿತದ ದೃಷ್ಟಿಯಲ್ಲಿ ಎರಡೂ ಒಂದೇ. ಅದನ್ನು ಓದುವ ಮುಂದಿನ ಮನುಷ್ಯನಿಗೆ ಅದು ಒಂದು ಎಕರೆ ಎರಡು ಗುಂಟೆಯಾಗಿ ಕಾಣುತ್ತದೆ. 60 ಗುಂಟೆಯ ಜಮೀನು 42 ಗುಂಟೆಯಾಯಿತು. ಒಂದು ಗುಂಟೆಗೆ 1,089 ಚದರ ಅಡಿಯಂತೆ, ಒಂದು ಸೊನ್ನೆಯೊಡನೆ 19,602 ಚದರ ಅಡಿ ನೆಲ ಕಾಗದದ ಮೇಲೆ ಮಾಯವಾಯಿತು. ಯಂತ್ರವು ಯಾವ ಎಚ್ಚರಿಕೆಯನ್ನೂ ಕೊಡಲಿಲ್ಲ. ಏಕೆಂದರೆ ಅದರ ಲೆಕ್ಕದಲ್ಲಿ ಯಾವ ತಪ್ಪೂ ನಡೆದಿಲ್ಲ.

ಇಂತಹ ಬೆಲೆಗಳು ಒಂದು ಗಣಕದಿಂದ ಇನ್ನೊಂದಕ್ಕೆ ಹೋಗುವ ಬಗೆಯನ್ನು ಈಗ ನೋಡೋಣ. ಕಳುಹಿಸುವವನೂ ಪಡೆಯುವವನೂ ಒಪ್ಪಿಕೊಂಡ ಒಂದು ಬರಹದ ಪದ್ಧತಿ ಇರಬೇಕಾಗುತ್ತದೆ. ಅಂತಹ ಪದ್ಧತಿಗಳಲ್ಲಿ ಎಕ್ಸ್.ಎಂ.ಎಲ್. ಎಂಬುದು ಮುಖ್ಯವಾದುದು. ಇದರ ಮೂಲ 1969ರಷ್ಟು ಹಿಂದಿನದು. ಆ ವರ್ಷ ಐ.ಬಿ.ಎಂ. ಸಂಸ್ಥೆಯಲ್ಲಿ ಚಾರ್ಲ್ಸ್ ಗೋಲ್ಡ್‌ಫಾರ್ಬ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಬರಹದ ಭಾಗಗಳಿಗೆ ಹೆಸರಿನ ಪಟ್ಟಿ ಕಟ್ಟುವ ಒಂದು ಭಾಷೆಯನ್ನು ರೂಪಿಸಿದರು. ಅದರ ವಂಶದಲ್ಲಿ ಹುಟ್ಟಿದ ಎಕ್ಸ್.ಎಂ.ಎಲ್. 1998ರ ಫೆಬ್ರವರಿಯಲ್ಲಿ ವಿಶ್ವವ್ಯಾಪಿ ಜಾಲ ಒಕ್ಕೂಟದ ಮಾನ್ಯತೆಯನ್ನು ಪಡೆಯಿತು. ಅದರ ರಚನೆ ಸರಳ. ಪ್ರತಿಯೊಂದು ಬೆಲೆಯ ಹಿಂದೆಯೂ ಮುಂದೆಯೂ ಅದರ ಹೆಸರನ್ನು ಬರೆಯುತ್ತಾರೆ. ಈ ಹೆಸರುಗಳು ಇಂಗ್ಲಿಷಿನಲ್ಲಿಯೇ ಇರಬೇಕೆಂಬ ಕಟ್ಟಳೆಯಿಲ್ಲ. ಕನ್ನಡದ ಹೆಸರುಗಳನ್ನೂ ನಿಯಮವು ಒಪ್ಪುತ್ತದೆ. ಉದಾಹರಣೆಗೆ:

<ಜಮೀನು>
<ತಾಲ್ಲೂಕು>ಗುಬ್ಬಿ</ತಾಲ್ಲೂಕು>
<ಸರ್ವೆ>45/2</ಸರ್ವೆ>
<ವಿಸ್ತೀರ್ಣ>1.20</ವಿಸ್ತೀರ್ಣ>
</ಜಮೀನು>

ಎಕ್ಸ್.ಎಂ.ಎಲ್. ನಮ್ಮ ಬಾಳಿನಿಂದ ದೂರದ ವಸ್ತುವಲ್ಲ. 2007ರಿಂದೀಚೆಗೆ ಮೈಕ್ರೋಸಾಫ್ಟ್ ವರ್ಡ್ ತಂತ್ರಾಂಶದಲ್ಲಿ ಸಿದ್ಧಪಡಿಸುವ ಕಡತಗಳ ಹೊಟ್ಟೆಯೊಳಗೆ ಇರುವುದು ಎಕ್ಸ್.ಎಂ.ಎಲ್. ಬರಹವೇ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಟ್ಯಾಲಿ ಸಂಸ್ಥೆಯ ಲೆಕ್ಕಪತ್ರದ ತಂತ್ರಾಂಶವು ಇತರ ತಂತ್ರಾಂಶಗಳೊಡನೆ ಎಕ್ಸ್.ಎಂ.ಎಲ್. ಮೂಲಕ ಕೊಡುಕೊಳ್ಳಬಲ್ಲದು. ಮೊದಮೊದಲು ಅಚ್ಚಾದ ಆಧಾರ್ ಪತ್ರಗಳ ಮೇಲಿನ ಚೌಕುಳಿ ಸಂಕೇತದೊಳಗೆ ಹೆಸರು, ಹುಟ್ಟಿದ ವರ್ಷ, ಜಿಲ್ಲೆ, ಪಿನ್ ಕೋಡ್ ಮೊದಲಾದುವನ್ನು ಇದೇ ಪದ್ಧತಿಯಲ್ಲಿ ಬರೆದಿತ್ತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಲೇಖನಗಳನ್ನೆಲ್ಲ ಒಟ್ಟಾಗಿ ಪಡೆಯಬಯಸುವವರಿಗೆ ಅವು ದೊರೆಯುವುದು ಒಂದು ದೊಡ್ಡ ಎಕ್ಸ್.ಎಂ.ಎಲ್. ಕಡತವಾಗಿ.

ಇನ್ನು ಇಂತಹ ಕಡತವನ್ನು ಓದುವ ಪ್ರೋಗ್ರಾಮಿನ ವಿಷಯ. ಜಾಲತಾಣಗಳ ರಚನೆಗೆ ಬಹುವಾಗಿ ಬಳಕೆಯಾಗುತ್ತಿರುವ ಭಾಷೆಗಳಲ್ಲಿ ಪಿ.ಎಚ್.ಪಿ. ಒಂದು. ರಾಸ್ಮಸ್ ಲೆರ್ಡಾರ್ಫ್ ಎಂಬವರು ತಮ್ಮ ಸ್ವಂತ ಜಾಲಪುಟಕ್ಕೆಂದು 1994ರಲ್ಲಿ ಬರೆದುಕೊಂಡು, ಮರುವರ್ಷ ಸಾರ್ವಜನಿಕರಿಗೆ ಬಿಟ್ಟುಕೊಟ್ಟ ಸಲಕರಣೆಗಳಿಂದ ಬೆಳೆದುಬಂದ ಭಾಷೆಯಿದು. ವಿಕಿಪೀಡಿಯವನ್ನು ನಡೆಸುವ ತಂತ್ರಾಂಶವೂ ಇದರಲ್ಲಿಯೇ ರಚಿತವಾದುದು. 2004ರಲ್ಲಿ ಹೊರಬಂದ ಇದರ ಐದನೆಯ ಆವೃತ್ತಿಯೊಡನೆ 'ಸಿಂಪಲ್ ಎಕ್ಸ್.ಎಂ.ಎಲ್.' ಎಂಬ ಒಂದು ಉಪಕರಣವೂ ಬಂದಿತು. ಹೆಸರೇ ಹೇಳುವಂತೆ ಬಳಸಲು ಇದು ಸುಲಭ. ಮೇಲಿನ ಕಡತವನ್ನು ಇದಕ್ಕೆ ಒಪ್ಪಿಸಿ ತಾಲ್ಲೂಕನ್ನು ಕೊಡು ಎಂದು ಕೇಳಿ ತೆರೆಯ ಮೇಲೆ ಮುದ್ರಿಸಿದರೆ 'ಗುಬ್ಬಿ' ಎಂದು ಕಾಣುತ್ತದೆ. ವಿದ್ಯಾರ್ಥಿಯು ಸಂತೋಷಪಟ್ಟು ಮುಂದಕ್ಕೆ ಹೋಗುತ್ತಾನೆ. ತೊಡಕು ಆರಂಭವಾಗುವುದು ಇಲ್ಲಿಯೇ.

ವಾಸ್ತವವಾಗಿ ಆ ಉಪಕರಣವು ಕೊಟ್ಟದ್ದು 'ಗುಬ್ಬಿ' ಎಂಬ ಅಕ್ಷರಗಳನ್ನಲ್ಲ; ಆ ಅಕ್ಷರಗಳನ್ನು ಒಳಗಿಟ್ಟುಕೊಂಡಿರುವ ಒಂದು ಪಾತ್ರೆಯನ್ನು. ಪಿ.ಎಚ್.ಪಿ.ಯ ಪರಿಭಾಷೆಯಲ್ಲಿ ಇದನ್ನು ಆಬ್ಜೆಕ್ಟ್ ಎನ್ನುತ್ತಾರೆ. ಅಕ್ಷರಗಳನ್ನಷ್ಟೇ ಒಂದರ ಪಕ್ಕದಲ್ಲೊಂದರಂತೆ ಪೋಣಿಸಿದ ಸರವನ್ನು ಸ್ಟ್ರಿಂಗ್ ಎನ್ನುತ್ತಾರೆ. ತೆಂಗಿನ ಸೀಮೆಯವರಾದ ನಮಗೆ ಈ ಭೇದ ಸುಲಭವಾಗಿ ಅರ್ಥವಾಗಬೇಕು. ಸಿಪ್ಪೆಯೊಡನಿರುವ ಕಾಯಿಯೂ ಒಣಗಿಸಿ ತೆಗೆದ ಕೊಬ್ಬರಿಯೂ ಒಂದೇ ಪದಾರ್ಥವಲ್ಲ. ಕಾಯಿಯೊಳಗೆ ಕೊಬ್ಬರಿಗೆ ಬೇಕಾದ ತಿರುಳು ಇದೆ ಎಂಬುದು ನಿಜ. ಆದರೆ ಕೊಬ್ಬರಿಯ ತಕ್ಕಡಿಗೆ ಕಾಯಿಯನ್ನು ಇಟ್ಟರೆ ವ್ಯಾಪಾರ ನಡೆಯದು. ಮುದ್ರಿಸುವ ಆಜ್ಞೆಯನ್ನು ಕೊಟ್ಟಾಗ ಮಾತ್ರ ಪಿ.ಎಚ್.ಪಿ. ತಾನೇ ಸುಲಿದು ಒಳಗಿನದನ್ನು ತೋರಿಸುತ್ತದೆ. ಆದ್ದರಿಂದ ಕಣ್ಣಿಗೆ ಅಕ್ಷರ ಕಾಣುತ್ತದೆ, ಕೈಯಲ್ಲಿರುವುದು ಪಾತ್ರೆ. ಕಂಡದ್ದೂ ಇರುವುದೂ ಬೇರೆಯಾಗಿರುವ ಕಡೆಯಲ್ಲೆಲ್ಲ ಎಚ್ಚರ ತಪ್ಪುವುದು ಸಹಜವಷ್ಟೆ.

ಇದರ ಫಲಗಳನ್ನು ನೋಡಿರಿ. ಪಿ.ಎಚ್.ಪಿ.ಯಲ್ಲಿ ಎರಡು ಬೆಲೆಗಳು ಒಂದೇ ಎಂದು ಪರೀಕ್ಷಿಸಲು ಎರಡು ವಿಧಗಳುಂಟು. ಎರಡು ಸಮಚಿಹ್ನೆಗಳನ್ನು ಹಾಕಿದರೆ ಸಡಿಲವಾದ ಹೋಲಿಕೆ. ಮೂರು ಹಾಕಿದರೆ ಕಟ್ಟುನಿಟ್ಟಾದ ಹೋಲಿಕೆ. ಪಾತ್ರೆಯನ್ನೂ 'ಗುಬ್ಬಿ' ಎಂಬ ಸ್ಟ್ರಿಂಗನ್ನೂ ಕಟ್ಟುನಿಟ್ಟಾಗಿ ಹೋಲಿಸಿದರೆ ಉತ್ತರ ಯಾವಾಗಲೂ 'ಅಲ್ಲ' ಎಂದೇ ಬರುತ್ತದೆ. ಪಾತ್ರೆಯನ್ನು ಪಟ್ಟಿಯೊಂದರ ಕೀಲಿಪದವಾಗಿ ಬಳಸಹೋದರೆ ಭಾಷೆ ಒಪ್ಪುವುದಿಲ್ಲ. ಒಂದು ಪುಟದಿಂದ ಮುಂದಿನ ಪುಟಕ್ಕೆ ನೆನಪಿಡಲೆಂದು ಅದನ್ನು ಸೆಷನ್ನಿನಲ್ಲಿ ಇರಿಸಹೋದರೆ, ಈ ವಸ್ತುವನ್ನು ಹೀಗೆ ಕಟ್ಟಿಡಲಾಗದೆಂದು ಪ್ರೋಗ್ರಾಮು ನಿಂತುಬಿಡುತ್ತದೆ. ಜೇಸನ್ ಎಂಬ ಇನ್ನೊಂದು ಪದ್ಧತಿಗೆ ಅದನ್ನು ಪರಿವರ್ತಿಸಿದರೆ ನಿರೀಕ್ಷಿಸಿದ 'ಗುಬ್ಬಿ'ಯ ಬದಲು, 0 ಎಂಬ ಹೆಸರು ಹೊತ್ತ ಒಂದು ಪೊಟ್ಟಣ, ಅದರೊಳಗೆ 'ಗುಬ್ಬಿ' ದೊರೆಯುತ್ತದೆ. ಟ್ಯಾಗಿನ ಒಳಗೆ ಹೆಸರು ಕೊಟ್ಟು ಬರೆಯುವ ಉಪಬೆಲೆಗಳ ಪಾಡೂ ಇದೇ. ಅವೂ ಪಾತ್ರೆಗಳಾಗಿಯೇ ಕೈಗೆ ಬರುತ್ತವೆ.

ಪರಿಹಾರ ಅತ್ಯಂತ ಸುಲಭವಾದುದು. ಪಾತ್ರೆಯ ಹಿಂದುಗಡೆ 'ಸ್ಟ್ರಿಂಗ್' ಎಂಬ ಪದವನ್ನು ಕಂಸದಲ್ಲಿ ಬರೆದರಾಯಿತು. ಒಳಗಿನ ಅಕ್ಷರಗಳು ಹೊರಬರುತ್ತವೆ, ಪಾತ್ರೆ ಹಿಂದೆ ಉಳಿಯುತ್ತದೆ. ಅಕ್ಷರಗಳ ಆಚೀಚೆ ಅಂಟಿಕೊಂಡು ಬಂದಿರಬಹುದಾದ ಖಾಲಿ ಜಾಗವನ್ನೂ ಸಾಲುಮುರಿತವನ್ನೂ ಕತ್ತರಿಸಿಹಾಕಲು 'ಟ್ರಿಮ್' ಎಂಬ ಆಜ್ಞೆಯಿದೆ. ಇವೆರಡನ್ನೂ ಕಡತವನ್ನು ಓದುವ ಹೊಸ್ತಿಲಿನಲ್ಲಿಯೇ ಮಾಡಿ ಮುಗಿಸಬೇಕು. ಪಾತ್ರೆಗಳನ್ನು ಮನೆಯೊಳಕ್ಕೆ ಬಿಟ್ಟುಕೊಂಡು, ಅಲ್ಲಿ ಒಂದು ಇಲ್ಲಿ ಒಂದು ಎಂದು ಬೇಕಾದಾಗ ಸುಲಿಯುವ ಪದ್ಧತಿ ಸಲ್ಲದು.

ಇಷ್ಟು ದೂರ ನಮ್ಮೊಡನೆ ಬಂದ ಜಾಣ ವಿದ್ಯಾರ್ಥಿಯು ಈಗ ಒಂದು ಪ್ರಶ್ನೆಯನ್ನು ಎತ್ತಬಹುದು: "ಬೆಲೆಯು ಅಂಕಿಯೆಂದು ಗೊತ್ತಿದ್ದರೆ ಸ್ಟ್ರಿಂಗಿನ ಗೋಜಿಲ್ಲದೆ ನೇರವಾಗಿ ಪೂರ್ಣಾಂಕವನ್ನಾಗಿ ತೆಗೆಯಬಾರದೇಕೆ? ಅದಕ್ಕೂ ಒಂದು ಪದವಿದೆಯಲ್ಲ?" ಇದೆ. ಆದರೆ ಆ ಪದವು ಕೇಳಿದ್ದನ್ನು ಕೇಳಿದಂತೆ, ಯಾವ ಆಕ್ಷೇಪವನ್ನೂ ಎತ್ತದೆ ಮಾಡಿಬಿಡುತ್ತದೆ, ಅಪಾಯವಿರುವುದು ಅದರಲ್ಲಿಯೇ. 0816ನ್ನು ಅದಕ್ಕೆ ಒಪ್ಪಿಸಿದರೆ 816 ಬರುತ್ತದೆ. 45/2 ಎಂಬ ಸರ್ವೆ ನಂಬರನ್ನು ಒಪ್ಪಿಸಿದರೆ 45 ಬರುತ್ತದೆ, ಹಿಸ್ಸಾ ಬಿಟ್ಟುಹೋಗುತ್ತದೆ. ನಮ್ಮ ಪದ್ಧತಿಯಂತೆ ಅಲ್ಪವಿರಾಮಗಳನ್ನು ಹಾಕಿ 1,25,000 ಎಂದು ಬರೆದ ಹಣದ ಮೊತ್ತವನ್ನು ಒಪ್ಪಿಸಿದರೆ ಬರುವುದು 1. ಒಂದೂಕಾಲು ಲಕ್ಷ ರೂಪಾಯಿ ಒಂದು ರೂಪಾಯಿಯಾಗುತ್ತದೆ. ಕನ್ನಡದ ಅಂಕಿಗಳಲ್ಲಿ ೧೨ ಎಂದು ಬರೆದಿದ್ದರೆ ಬರುವುದು ಸೊನ್ನೆ. ಏನೂ ಬರೆಯದೆ ಖಾಲಿ ಬಿಟ್ಟಿದ್ದರೂ ಬರುವುದು ಸೊನ್ನೆಯೇ.

ಈ ಕೊನೆಯದು ಭೌತಶಾಸ್ತ್ರದ ವಿದ್ಯಾರ್ಥಿಗಳನ್ನು ವಿಶೇಷವಾಗಿ ಚಿಂತೆಗೆ ಹಚ್ಚಬೇಕಾದ ಸಂಗತಿ. 'ಅಳೆದೆವು, ಸೊನ್ನೆ ಬಂದಿತು' ಎಂಬುದಕ್ಕೂ 'ಅಳೆಯಲೇ ಇಲ್ಲ' ಎಂಬುದಕ್ಕೂ ಇರುವ ಅಂತರ ಅಪಾರವಾದುದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ರಾಜ್ಯದ ಗ್ರಾಮ ಪಂಚಾಯತಿಗಳ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳ ಮೂಲಕ ಮಳೆಯ ಅಳತೆಯನ್ನು ಸಂಗ್ರಹಿಸುತ್ತದೆ. ತುಮಕೂರು ಜಿಲ್ಲೆಯಂತಹ, ಬರಗಾಲದ ಪರಿಚಯವುಳ್ಳ ಸೀಮೆಯಲ್ಲಿ ಇಂತಹ ಅಂಕಿಗಳ ಮಹತ್ತ್ವವನ್ನು ಬಣ್ಣಿಸಬೇಕಾಗಿಲ್ಲ. ಅಂತಹ ಅಳತೆಗಳ ಒಂದು ಪಟ್ಟಿಯನ್ನು ಅಭ್ಯಾಸಕ್ಕಾಗಿ ತೆಗೆದುಕೊಂಡ ವಿದ್ಯಾರ್ಥಿಯ ಪ್ರೋಗ್ರಾಮು, ಉಪಕರಣ ಕೆಟ್ಟಿದ್ದ ದಿನದ ಖಾಲಿ ಜಾಗವನ್ನು ಸೊನ್ನೆ ಮಿಲಿಮೀಟರೆಂದು ಓದಿಕೊಂಡರೆ, ಮಳೆ ಸುರಿದ ದಿನವೂ ಒಣಗಿದ ದಿನವಾಗಿಬಿಡುತ್ತದೆ. ತಿಂಗಳ ಸರಾಸರಿ ತಗ್ಗುತ್ತದೆ. ಸ್ಟ್ರಿಂಗ್ ಆಗಿ ತೆಗೆದುಕೊಂಡಿದ್ದರೆ ಖಾಲಿಯು ಖಾಲಿಯಾಗಿಯೇ ಬರುತ್ತಿತ್ತು. "ಇಲ್ಲಿ ಅಳತೆಯಿಲ್ಲ" ಎಂದು ಗುರುತುಹಾಕಿ ಮುಂದಕ್ಕೆ ಸಾಗಬಹುದಾಗಿತ್ತು. ಇನ್ನೂ ಸೂಕ್ಷ್ಮವಾಗಿ ನೋಡುವವನು, ಟ್ಯಾಗು ಇದ್ದು ಖಾಲಿಯಾಗಿದೆಯೋ ಅಥವಾ ಟ್ಯಾಗೇ ಇಲ್ಲವೋ ಎಂಬುದನ್ನು 'ಇಸ್‌ಸೆಟ್' ಎಂಬ ಆಜ್ಞೆಯಿಂದ ಬೇರೆಯಾಗಿ ವಿಚಾರಿಸಬೇಕು.

ಪ್ರಯೋಗಶಾಲೆಯಲ್ಲಿ ನಾವು ಇದೇ ಶಿಸ್ತನ್ನು ಕಲಿಸುತ್ತೇವೆ ಎಂಬುದನ್ನು ವಿದ್ಯಾರ್ಥಿಗಳು ನೆನೆಯಬೇಕು. ವರ್ನಿಯರ್ ಕ್ಯಾಲಿಪರಿನಿಂದ ಅಳೆದ ಉದ್ದವನ್ನು 2.50 ಸೆಂಟಿಮೀಟರ್ ಎಂದು ಬರೆಯಬೇಕೇ ಹೊರತು 2.5 ಎಂದಲ್ಲ. ಕೊನೆಯ ಸೊನ್ನೆ ಅಲಂಕಾರವಲ್ಲ. ಸೆಂಟಿಮೀಟರಿನ ನೂರನೆಯ ಒಂದು ಭಾಗದವರೆಗೆ ನೋಡಿದ್ದೇವೆ, ಅಲ್ಲಿ ಸೊನ್ನೆಯನ್ನು ಕಂಡಿದ್ದೇವೆ ಎಂಬ ಸಾಕ್ಷ್ಯ ಅದು. ಓದಿದ ಅಂಕಿಯನ್ನು ಮೊದಲು ಓದಿದಂತೆ ದಾಖಲೆ ಪುಸ್ತಕದಲ್ಲಿ ಬರೆ, ಲೆಕ್ಕವನ್ನು ಅನಂತರ ಮಾಡು ಎಂಬುದು ಪ್ರಯೋಗಶಾಲೆಯ ಮೊದಲ ನಿಯಮ. ಅದೇ ವಿದ್ಯಾರ್ಥಿಯು ಕೊಠಡಿಯನ್ನು ಬದಲಾಯಿಸಿ ಗಣಕದ ಮುಂದೆ ಕುಳಿತೊಡನೆ ಈ ನಿಯಮವನ್ನು ಮರೆಯಬೇಕೇಕೆ?

ದೊಡ್ಡ ವಿಜ್ಞಾನಿಗಳೂ ಇದರ ಬಿಸಿಯನ್ನು ಅನುಭವಿಸಿದ್ದಾರೆ. ಮನುಷ್ಯನ ಜೀನುಗಳಲ್ಲಿ ಕೆಲವಕ್ಕೆ 'ಮಾರ್ಚ್1', 'ಸೆಪ್ಟ್1' ಎಂಬಂತಹ ಹ್ರಸ್ವನಾಮಗಳಿದ್ದವು. ಎಕ್ಸೆಲ್ ತಂತ್ರಾಂಶದ ಕೋಷ್ಟಕದಲ್ಲಿ ಇವನ್ನು ಬರೆದಾಗ ಅದು ಇವನ್ನು ದಿನಾಂಕಗಳೆಂದು ಬಗೆದು ಮಾರ್ಚ್ ತಿಂಗಳ ಮೊದಲ ತಾರೀಖು, ಸೆಪ್ಟೆಂಬರ್ ತಿಂಗಳ ಮೊದಲ ತಾರೀಖು ಎಂದು ಮಾರ್ಪಡಿಸಿಬಿಡುತ್ತಿತ್ತು. ಎಕ್ಸೆಲ್ ಕೋಷ್ಟಕಗಳಲ್ಲಿ ಜೀನುಗಳ ಪಟ್ಟಿಯನ್ನು ಒದಗಿಸಿದ್ದ ಪ್ರಕಟಿತ ಪ್ರಬಂಧಗಳನ್ನು 2016ರಲ್ಲಿ ಪರಿಶೀಲಿಸಿದವರು, ಸುಮಾರು ಐದರಲ್ಲಿ ಒಂದರಲ್ಲಿ ಇಂತಹ ದೋಷ ನುಸುಳಿರುವುದನ್ನು ಕಂಡರು. ಕಡೆಗೆ 2020ರಲ್ಲಿ, ಜೀನುಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯು ತನ್ನ ಮಾರ್ಗದರ್ಶಕ ಸೂತ್ರಗಳಲ್ಲಿ ಈ ಸಂಗತಿಯನ್ನು ಪರಿಗಣಿಸಿತು. 'ಮಾರ್ಚ್1' ಹೋಗಿ 'ಮಾರ್ಚ್‌ಎಫ್1' ಆಯಿತು, 'ಸೆಪ್ಟ್1' ಹೋಗಿ 'ಸೆಪ್ಟಿನ್1' ಆಯಿತು. ಯಂತ್ರದ ಆತುರಕ್ಕಾಗಿ ಮನುಷ್ಯನು ತನ್ನ ಜೀನುಗಳ ಹೆಸರನ್ನೇ ಬದಲಾಯಿಸಬೇಕಾಯಿತು! ಅಕ್ಷರವನ್ನು ಅಕ್ಷರವಾಗಿ ಇರಗೊಟ್ಟಿದ್ದರೆ ಈ ಶ್ರಮವೆಲ್ಲ ಬೇಕಿರಲಿಲ್ಲ.

ನಮ್ಮ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು, ಪಿ.ಎಚ್.ಪಿ. ಸಡಿಲವಾದ ಭಾಷೆ, ಬೇಕಾದ ಮಾರ್ಪಾಟುಗಳನ್ನು ತಾನೇ ಮಾಡಿಕೊಳ್ಳುತ್ತದೆ, ಇಷ್ಟೊಂದು ಕಟ್ಟುನಿಟ್ಟು ಏಕೆ ಎಂಬುದು. ಅದು ತಾನೇ ಮಾಡಿಕೊಳ್ಳುತ್ತದೆ ಎಂಬುದೇ ನಮ್ಮ ದೂರು. ಸ್ಟ್ರಿಂಗನ್ನು ತೆಗೆದುಕೊಂಡ ಮೇಲೂ ಈ ಭಾಷೆಯಲ್ಲಿ ಎಚ್ಚರ ಬೇಕು. ಎರಡು ಸಮಚಿಹ್ನೆಗಳಿಂದ ಹೋಲಿಸಿದರೆ '1.20' ಮತ್ತು '1.2' ಎಂಬ ಸ್ಟ್ರಿಂಗುಗಳು ಒಂದೇ ಎಂದು ಅದು ಹೇಳುತ್ತದೆ. '0816' ಮತ್ತು '816' ಕೂಡ ಒಂದೇ ಎನ್ನುತ್ತದೆ. ಎರಡೂ ಬದಿಯಲ್ಲಿ ಅಂಕಿಯಂತೆ ಕಾಣುವ ಬರಹವಿದ್ದರೆ ಅವನ್ನು ಸಂಖ್ಯೆಗಳನ್ನಾಗಿ ಮಾಡಿಕೊಂಡು ಹೋಲಿಸುವುದು ಅದರ ಸ್ವಭಾವ. ಆದ್ದರಿಂದ ಹೆಸರುಗಳನ್ನು ಹೋಲಿಸುವಾಗ ಮೂರು ಸಮಚಿಹ್ನೆಗಳನ್ನೇ ಬಳಸತಕ್ಕದ್ದು.

ಎರಡನೆಯ ಆಕ್ಷೇಪ, ಎಕ್ಸ್.ಎಂ.ಎಲ್. ಹಳೆಯದಾಯಿತು, ಈಗ ಎಲ್ಲೆಲ್ಲಿಯೂ ಜೇಸನ್ ಬಂದಿದೆ ಎಂಬುದು. ಪದ್ಧತಿ ಬದಲಾದ ಮಾತ್ರಕ್ಕೆ ತತ್ತ್ವ ಬದಲಾಗದು. ಬದಲಿಗೆ ಇನ್ನಷ್ಟು ಮುಖ್ಯವಾಗುತ್ತದೆ. ಎಕ್ಸ್.ಎಂ.ಎಲ್.ನಲ್ಲಿ, ಬೇರೆ ನಿಯಮಾವಳಿಯನ್ನು ಜೊತೆಗೆ ಕೊಡದಿದ್ದರೆ, ಎಲ್ಲ ಬೆಲೆಯೂ ಬರಿಯ ಅಕ್ಷರ. ಜೇಸನ್ನಿನಲ್ಲಿಯಾದರೋ ಸಂಖ್ಯೆಗೆ ಬೇರೆಯೇ ಸ್ಥಾನವುಂಟು. ಅದನ್ನು ಓದುವ ಜಾವಾಸ್ಕ್ರಿಪ್ಟ್ ಭಾಷೆಯ ಸಾಮಾನ್ಯ ಸಂಖ್ಯೆಯು 9007199254740992ನ್ನು, ಎಂದರೆ ಎರಡರ 53ನೆಯ ಘಾತವನ್ನು, ದಾಟಿದೊಡನೆ ಎಲ್ಲ ಪೂರ್ಣಾಂಕಗಳನ್ನೂ ನಿಖರವಾಗಿ ಹಿಡಿಯಲಾರದು. ಆ ಸಂಖ್ಯೆಗೆ ಒಂದನ್ನು ಸೇರಿಸಿ, ಕೊನೆಯಲ್ಲಿ 3 ಬರುವಂತೆ ಬರೆದು ಕೊಟ್ಟರೆ, ಅದು ಮತ್ತೆ ಕೊನೆಯಲ್ಲಿ 2 ಇರುವ ಸಂಖ್ಯೆಯನ್ನೇ ತೋರಿಸುತ್ತದೆ. ಇದು 16 ಅಂಕಿಗಳ ಸಂಖ್ಯೆ. ನಮ್ಮ ದೇಶದ ಬ್ಯಾಂಕುಗಳ ಖಾತೆ ಸಂಖ್ಯೆಗಳಲ್ಲಿ ಇದಕ್ಕಿಂತ ಉದ್ದವಾದುವೂ ಉಂಟು. ಸೊನ್ನೆಯಿಂದ ಮೊದಲಾಗುವುವೂ ಉಂಟು. ಒಬ್ಬ ವಿದ್ಯಾರ್ಥಿನಿಗೆ ಬರಬೇಕಾದ ವಿದ್ಯಾರ್ಥಿವೇತನವು ಇಂತಹ ಒಂದು ಅಂಕಿಯ ವ್ಯತ್ಯಾಸದಿಂದ ಅವಳನ್ನು ತಲಪದೆ ಉಳಿದರೆ, ಪ್ರೋಗ್ರಾಮು ಬರೆದವನು ಎಕ್ಸ್.ಎಂ.ಎಲ್. ಹಳೆಯದಾಯಿತೆಂದು ಸಮಾಧಾನ ಹೇಳಿದರೆ ಸಾಕಾದೀತೆ? ಖಾತೆ ಸಂಖ್ಯೆಯೂ ಹೆಸರೇ. ಅದನ್ನು ಯಾರೂ ಕೂಡಿಸಿ ಕಳೆಯುವುದಿಲ್ಲ.

ಅಕ್ಷರವಾಗಿ ತೆಗೆದುಕೊಂಡ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದು ನಾವು ಹೇಳುವುದಿಲ್ಲ. ಕನ್ನಡದ ಮಟ್ಟಿಗಂತೂ ಹಾಗೆ ಹೇಳಲಾಗದು. ನಾವು 'ತುಮಕೂರು' ಎಂಬಲ್ಲಿ ನಾಲ್ಕು ಅಕ್ಷರಗಳನ್ನು ಎಣಿಸುತ್ತೇವೆ. ಯೂನಿಕೋಡಿನ ಲೆಕ್ಕದಲ್ಲಿ ಅದರಲ್ಲಿರುವುದು ಏಳು ಚಿಹ್ನೆಗಳು. ಪಿ.ಎಚ್.ಪಿ.ಯ ಸಾಮಾನ್ಯ ಅಳತೆಗೋಲು ಹೇಳುವ ಉದ್ದ 21. ಅದು ಎಣಿಸುವುದು ಬೈಟುಗಳನ್ನು. ನಮ್ಮ ಜಿಲ್ಲೆಯ ಕೊರಟಗೆರೆಯ ಹೆಸರಿನಲ್ಲಿ ಇನ್ನೊಂದು ಸೋಜಿಗವಿದೆ. ಮೊದಲಕ್ಷರದ ಒತ್ವವನ್ನು ಒಂದೇ ಚಿಹ್ನೆಯಾಗಿಯೂ, ಎತ್ವ ಮತ್ತು ಕೊಂಬಿನಿಳಿ ಎಂಬ ಎರಡು ಚಿಹ್ನೆಗಳಾಗಿಯೂ ಗಣಕದಲ್ಲಿ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹೋಲಿಸಿದರೆ ಬೇರೆಬೇರೆ. ಊರಿನ ಹೆಸರೂ ಸ್ಥಿರವಲ್ಲ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದಾಗ 'ಟುಮ್ಕೂರ್' ಎಂದು ಓದಿಸಿಕೊಳ್ಳುತ್ತಿದ್ದುದು 'ತುಮಕೂರು' ಆಯಿತು. ಹಳೆಯ ಕಡತದಲ್ಲಿ ಹಳೆಯ ಹೆಸರೇ ಇರುತ್ತದೆ. ಇವನ್ನೆಲ್ಲ ಸರಿದೂಗಿಸುವ ಉಪಾಯಗಳುಂಟು. ಆದರೆ ಸರಿದೂಗಿಸುವುದೂ ಒಂದು ನಿರ್ಧಾರ. ಮೂಲದಲ್ಲಿ ಏನಿತ್ತೋ ಅದನ್ನು ಕಳೆದುಕೊಳ್ಳದೆ ಇರಿಸಿಕೊಂಡವನು ಮಾತ್ರ ಅದನ್ನು ಸರಿಯಾಗಿ ಮಾಡಬಲ್ಲನು.

ಈ ತತ್ತ್ವ ಹೊಸದೇನೂ ಅಲ್ಲ, ಗಣಕಗಳಿಗಿಂತ ಹಳೆಯದು. ತುಮಕೂರಿನ ಸಮೀಪದ ಬೆಳ್ಳಾವೆಯ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪನವರನ್ನು ಇಲ್ಲಿ ಸ್ಮರಿಸುವುದು ಉಚಿತ. ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಯನ್ನು ಆರಂಭಿಸಿದರು. ಕನ್ನಡ ಸಾಹಿತ್ಯ ಪರಿಷತ್ತು 1931ರಲ್ಲಿ ಹೊರತಂದ ಪಂಪಭಾರತದ ಸಂಪಾದಕರೂ ಅವರೇ. ಪ್ರಾಚೀನ ಗ್ರಂಥವನ್ನು ಸಂಪಾದಿಸುವವನು ಮೊದಲು ಓಲೆಯಲ್ಲಿ ಏನು ಬರೆದಿದೆಯೋ ಅದನ್ನು ಹಾಗೆಯೇ ಓದಿಕೊಳ್ಳಬೇಕು. ತನಗೆ ಸರಿತೋರಿದ ಪಾಠವನ್ನು ನಿರ್ಣಯಿಸುವುದು ಅದಾದ ಮೇಲೆ. ಓದುವಾಗಲೇ ತಿದ್ದಿಕೊಂಡರೆ ಮೂಲವೇ ನಷ್ಟವಾಗುತ್ತದೆ. ಪ್ರಯೋಗಶಾಲೆಯ ದಾಖಲೆ ಪುಸ್ತಕಕ್ಕೂ ಗ್ರಂಥಸಂಪಾದನೆಗೂ ಸಮಾನವಾದ ಈ ಶಿಸ್ತು ಎಕ್ಸ್.ಎಂ.ಎಲ್. ಕಡತಕ್ಕೂ ಸಲ್ಲುತ್ತದೆ.

ಆದಕಾರಣ ನಮ್ಮ ಸಲಹೆ ಇಷ್ಟು. ಗಣಕದ ಪ್ರಾಯೋಗಿಕ ತರಗತಿಗಳಲ್ಲಿ, ವಿದ್ಯಾರ್ಥಿಯು ಪ್ರೋಗ್ರಾಮಿನ ಮೊದಲ ಸಾಲನ್ನು ಬರೆಯುವ ಮುನ್ನ, ಕಡತದಲ್ಲಿರುವ ಪ್ರತಿಯೊಂದು ಬೆಲೆಯ ಮುಂದೆಯೂ 'ಹೆಸರೋ, ಅಳತೆಯೋ' ಎಂದು ಕಾಗದದ ಮೇಲೆ ಬರೆದು ತೋರಿಸುವಂತಾಗಬೇಕು. ಅಳತೆಯಾದರೆ ಅದರ ಮಾನವೇನು, ಖಾಲಿ ಬಿಟ್ಟಿದ್ದರೆ ಅದರ ಅರ್ಥವೇನು ಎಂಬುದನ್ನೂ ಬರೆಯಬೇಕು. ಕೂಡಿಸಿ ಕಳೆದು ಅರ್ಥ ಬರುವಂತಿದ್ದರೆ ಅದು ಅಳತೆ, ಇಲ್ಲವಾದರೆ ಹೆಸರು. ಎಲ್ಲವನ್ನೂ ಮೊದಲು ಸ್ಟ್ರಿಂಗ್ ಆಗಿ ತೆಗೆದು, ಹೆಸರುಗಳನ್ನು ಹಾಗೆಯೇ ಉಳಿಸಿ, ಅಳತೆಗಳನ್ನು ಮಾತ್ರ ಪರೀಕ್ಷಿಸಿ ಸಂಖ್ಯೆಯಾಗಿಸಬೇಕು. ಪರೀಕ್ಷೆಯಲ್ಲಿ ತೇರ್ಗಡೆಯಾಗದ ಬೆಲೆಯನ್ನು ಸೊನ್ನೆಯೆಂದು ನುಂಗದೆ, ದೋಷವೆಂದು ಹೊರಗಿಟ್ಟು ಮನುಷ್ಯನ ಕಣ್ಣಿಗೆ ಬೀಳುವಂತೆ ಮಾಡಬೇಕು. ಇದಕ್ಕೆ ಹೊಸ ಉಪಕರಣವಾಗಲಿ ಹಣವಾಗಲಿ ಬೇಕಿಲ್ಲ. ತರಗತಿಯಲ್ಲಿ ಹತ್ತು ನಿಮಿಷ ಸಾಕು.

ತುಮಕೂರು, ಗುಬ್ಬಿ, ಕುಣಿಗಲುಗಳ ಕಾಲೇಜುಗಳಿಂದ ಹೊರಬೀಳುವ ತರುಣರು ನಾಳೆ ಬ್ಯಾಂಕು, ಸಹಕಾರ ಸಂಘ, ಪಂಚಾಯತಿ, ಆಸ್ಪತ್ರೆಗಳಿಗೆ ಪ್ರೋಗ್ರಾಮುಗಳನ್ನು ಬರೆಯತಕ್ಕವರು. ಅವರು ಬರೆದುದನ್ನು ಬಳಸುವವರಲ್ಲಿ ಹೆಚ್ಚಿನವರಿಗೆ ಯಂತ್ರದೊಳಗೆ ಏನು ನಡೆಯುತ್ತದೆಂಬುದು ತಿಳಿಯದು. ತೆರೆಯ ಮೇಲೆ ಕಂಡದ್ದನ್ನು ನಂಬುತ್ತಾರೆ. ರೈತರೊಬ್ಬರ ಪಹಣಿಯ ಸೊನ್ನೆಯನ್ನು ಕಾಯುವ ಹೊಣೆ ಅವರನ್ನು ಎಂದೂ ಕಾಣದಿರುವ ಪ್ರೋಗ್ರಾಮುಗಾರನ ಮೇಲಿರುತ್ತದೆ. ಆ ಹೊಣೆಯನ್ನು ಅರಿತು ಬರೆಯುವುದನ್ನು ವಿದ್ಯಾರ್ಥಿ ದೆಸೆಯಲ್ಲಿಯೇ ಕಲಿಯುವುದು ಮೇಲು.